ಮುಚ್ಚಳ ತೆಗೆಯದ ಬಾಟಲಿ

ನಾನು ಮಣ್ಣು ಪರೀಕ್ಷೆ ಮಾಡಿ ಹೊಟ್ಟೆ ಹೊರೆಯುವವನು, ದೆವ್ವಗಿವ್ವ ನಂಬುವವನಲ್ಲ. ಹೊಳೆದಂಡೆಯಲ್ಲಿ ಬಟ್ಟೆಗೆ ನೀಲಿ ಬಣ್ಣ ಹಾಕುತ್ತಿದ್ದ ಕಾರ್ಖಾನೆಯೊಂದು ಮುಚ್ಚಿಹೋಗಿತ್ತು. ಆ ವಿಷ ಕುಡಿದ ನೆಲದಲ್ಲಿ ಮನೆ ಕಟ್ಟಬಹುದೇ ಎಂದು ಪರೀಕ್ಷಿಸಲು ಪುರಸಭೆಗೆ ಒಮ್ಮೆ ಮಾತ್ರ ಸಿಗುವ ಅನುದಾನ ಬಂತು. ನೆಲ ಕೊರೆಯುವ ಕೆಲಸ ನನ್ನ ಭಾವನವರದು.

ನಮ್ಮಲ್ಲೊಂದು ಪದ್ಧತಿಯಿದೆ. ಮಣ್ಣಿನ ಮಾದರಿಗಳ ಜೊತೆ, ಶುದ್ಧ ನೀರು ತುಂಬಿ ಸೀಲು ಮಾಡಿದ ಕಂದು ಬಾಟಲಿಯೊಂದನ್ನು ಒಯ್ದು, ತೆರೆಯದೆ ವಾಪಸು ತರುತ್ತೇವೆ. ಅದರಲ್ಲಿ ಏನಾದರೂ ಸಿಕ್ಕರೆ, ಹೊರಗಿನ ಕಲ್ಮಶ ಸೇರಿ ಪರೀಕ್ಷೆಯೇ ಕೆಟ್ಟಿತೆಂದು ಅರ್ಥ.

ಮಟಮಟ ಮಧ್ಯಾಹ್ನ. ಎಲ್ಲೋ ಒದ್ದೆ ಬಟ್ಟೆ ಹಿಂಡುವ ಸದ್ದು. ಹೊಳೆಯ ಕಡೆ ನರಪಿಳ್ಳೆಯೂ ಇರಲಿಲ್ಲ. ಮಾದರಿಗಳನ್ನಿಟ್ಟಿದ್ದ ಮಂಜುಗಡ್ಡೆಯ ಪೆಟ್ಟಿಗೆಗೆ ಕೈ ಹಾಕಿದ ಭಾವ ಥಟ್ಟನೆ ಹಿಂತೆಗೆದರು.

"ಬಾಟ್ಲಿ ಬೆಚ್ಚಗಿದೆಯಲ್ಲೋ! ಯಾರೋ ಈಗಷ್ಟೇ ಹಿಡ್ಕೊಂಡಿದ್ದ ಹಾಗೆ."

"ಬಿಸಿಲಿಗೆ, ಭಾವ," ಎಂದೆ. ಅದರ ಸುತ್ತಲಿನ ಮಂಜು ಕರಗಿರಲಿಲ್ಲ.

ವಾರದ ನಂತರ ಲ್ಯಾಬಿನಾಕೆ ಫೋನ್ ಮಾಡಿದಳು. "ಮಣ್ಣೆಲ್ಲ ಚೆನ್ನಾಗಿದೆ ಸರ್. ಆ ಬಾಟ್ಲಿ ಸೀಲು ನಾನೇ ಒಡೆದೆ. ಸುರಿದ್ರೆ ನೀಲಿ ನೀರು."

ಮತ್ತೆ ಪರೀಕ್ಷಿಸಬೇಕೆಂದು ಪುರಸಭೆಗೆ ಬರೆದೆ. ಅನುದಾನ ಮುಗಿದಿತ್ತು. ಮಣ್ಣು ಚೆನ್ನಾಗಿದೆಯೆಂಬ ಮಾತಷ್ಟೇ ಉಳಿದು, ಮನೆಗಳೆದ್ದವು. ಅಕ್ಕನೂ ಒಂದು ಕೊಂಡಳು. ಬೇಡವೆಂದದ್ದಕ್ಕೆ, "ನಿಂಗೆ ಎಲ್ಲದರಲ್ಲೂ ಅನುಮಾನ," ಎಂದಳು.

ಮೊನ್ನೆ ಭಾವ ಬಂದು ನೀರಿನ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟರು. "ಅಂಗಡೀದು ಕಣೋ. ನಿನ್ನೆ ತಂದು ಹೊಸ ಮನೆ ಅಡುಗೆಮನೇಲಿ ಇಟ್ಟಿದ್ದೆ. ಸೀಲು ಒಡೆದಿಲ್ಲ, ನೋಡು."

ನೀರು ನೀಲಿಯಾಗಿತ್ತು. ಅವರು ಕೈಗೆ ದಪ್ಪ ಕೆಲಸದ ಗ್ಲೌಸು ಹಾಕಿಕೊಂಡೇ ಅದನ್ನು ತಂದಿದ್ದರು. ನಾನು ಬರಿಗೈಯಲ್ಲಿ ಮುಟ್ಟಿದೆ.

ಬೆಚ್ಚಗಿತ್ತು.