ಗೋಡೆಗೆ ಒರಗಿದ ಮಣೆ

ಚಿಕ್ಕ ಆಂಪ್ ಇರಲಿಲ್ಲ.

ಕೊಪ್ಪದ ಪೊಲೀಸ್ ವಸತಿಗೃಹದ ಹಿಂದಿನ ಕೋಣೆಯ ಬಾಗಿಲಲ್ಲಿ ಹೆಡ್ ಕಾನ್‌ಸ್ಟೆಬಲ್ ಅನಿತಾ ನಿಂತುಬಿಟ್ಟಳು. ಶುಕ್ರವಾರ, ಮಧ್ಯಾಹ್ನ ಎರಡೂವರೆ. ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ದೇವರಿಗೆ ಮುಗಿದ ಕೈಯಲ್ಲೇ ಒಮ್ಮೆ ಮುಟ್ಟಿ ಹೋಗಿದ್ದಳು. ಈಗ ಆ ಜಾಗ ಬರಿದು.

ಅದು ಅವಳ ತಮ್ಮ ಈಶಾನನದು. ಮದುವೆಯ ಆರತಕ್ಷತೆಗಳಲ್ಲಿ ಅವನು ಬೇಸ್ ಗಿಟಾರ್ ನುಡಿಸುತ್ತಿದ್ದ. ದಪ್ಪ ತಂತಿಯ, ತಗ್ಗು ದನಿಯ ವಾದ್ಯ. ಅದರ ದನಿ ಹೊರಗೆ ಬರಬೇಕಾದರೆ ಆಂಪ್ಲಿಫೈಯರ್ ಪೆಟ್ಟಿಗೆ ಬೇಕು. ಅವನಲ್ಲಿ ಎರಡಿದ್ದವು. ಕಾರ್ಯಕ್ರಮಗಳಿಗೆ ಇಬ್ಬರು ಹೊರುವಂಥ ದೊಡ್ಡದು, ಮನೆಯ ಅಭ್ಯಾಸಕ್ಕೆ ಒಂದು ಕೈಯಲ್ಲಿ ಹಿಡಿಯುವಂಥ ಚಿಕ್ಕದು. ಹತ್ತು ತಿಂಗಳ ಹಿಂದೆ ಜಯಪುರದ ತಿರುವಿನಲ್ಲಿ ಅವನ ಬೈಕ್ ಜಾರಿತು. ಪೆಟ್ಟಿಗೆಗಳು ಉಳಿದವು.

ಈ ಕೋಣೆಗೆ ಬಂದಾಗಲೆಲ್ಲ ಅವನು ಅಕ್ಕಪಕ್ಕದವರಿಗೆ ತೊಂದರೆಯಾಗದಿರಲೆಂದು ಹೆಡ್‌ಫೋನ್ ಸಿಕ್ಕಿಸಿ ನುಡಿಸುತ್ತಿದ್ದ. ಅನಿತಾ ಅಡಿಗೆಮನೆಯಿಂದ ಬೆರಳುಗಳನ್ನು ಮಾತ್ರ ನೋಡಿದ್ದಳು. “ಶನಿವಾರ ಮದುವೆ ಹಾಲಿಗೆ ಬಾ ಅಕ್ಕ, ಕೇಳು” ಎನ್ನುತ್ತಿದ್ದ. ಪ್ರತಿ ಶನಿವಾರವೂ ಎಲ್ಲೋ ಬಂದೋಬಸ್ತು. ತಮ್ಮ ನುಡಿಸಿದ್ದನ್ನು ಅವಳು ಒಂದು ದಿನವೂ ಕೇಳಲಿಲ್ಲ.

ಅನಿತಾ ಕಣ್ಣೊರೆಸಿಕೊಂಡು ಕೋಣೆಯನ್ನು ನೋಡಿದಳು. ಬೀಗ ಮುರಿದಿಲ್ಲ. ದೊಡ್ಡ ಆಂಪ್ ಇದೆ. ಗಿಟಾರ್ ಇದೆ. ಚಿಕ್ಕದರ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇದೆ, ವೈರು ಇಳಿಬಿದ್ದಿದೆ. ನೆಲ ಅದುರದಿರಲೆಂದು ಈಶಾನ ಆಂಪ್‌ನ ಅಡಿಗೆ ಹಾಕಿದ್ದ ಮಣೆ ಮಾತ್ರ ಗೋಡೆಗೆ ಒರಗಿ ನಿಂತಿದೆ.

ಪಕ್ಕದ ಮನೆಯ ಸೀತಕ್ಕ ಇಣುಕಿದರು. “ಪೊಲೀಸರ ಮನೆಗೇ ಕಳ್ಳನಾ! ಕೀಲಿಕೈ ಮೀಟರ್ ಬಾಕ್ಸಲ್ಲಿಟ್ಟು ಊರಿಗೆಲ್ಲ ಬುದ್ಧಿ ಹೇಳೋಳು ನೀನು.”

“ಯಾರಾದ್ರೂ ಬಂದಿದ್ದು ಕಂಡ್ರಾ?”

“ಊಟ ಮಾಡಿ ಮಲಗಿದ್ದೆ ಮಾರಾಯ್ತಿ. ಕಳ್ಳ ನನ್ನನ್ನ ಎಬ್ಬಿಸಿ ಹೇಳಿ ಹೋಗ್ತಾನಾ?”

ಅನಿತಾ ದೂರು ಬರೆಯಲಿಲ್ಲ. ಬರೆದರೆ ಠಾಣೆಯಲ್ಲಿ ವರ್ಷವಿಡೀ ನಗು.

*

ಕೊಪ್ಪದ ಪೇಟೆಯಲ್ಲಿ ಮುಬಶಿರನ ಸೌಂಡ್ಸ್ ಅಂಗಡಿ. ಈಶಾನನ ತಂಡದಲ್ಲಿ ಡ್ರಮ್ಸ್ ಅವನದೇ. ಎರಡೂ ಆಂಪ್‌ಗಳನ್ನು ಕೊಡಿ ಎಂದು ಎರಡು ಸಲ ಕೇಳಿದ್ದ.

“ಎಂತ ಅನಿತಕ್ಕ, ನನ್ನ ಮೇಲೆ ಅನುಮಾನವಾ?” ಅವನು ವೈರು ಸುತ್ತುವುದನ್ನು ನಿಲ್ಲಿಸಿದ.

“ಕೇಳಿದವನು ನೀನೇ ಅಲ್ವಾ? ಚಿಕ್ಕದೊಂದೇ ಹೋಗಿದೆ, ಅಡಾಪ್ಟರ್ ಬಿಟ್ಟು.”

“ನಾನು ಕಳ್ಳ ಆಗಿದ್ರೆ ದೊಡ್ಡದನ್ನ ಎತ್ತುತ್ತಿದ್ದೆ. ಹಾಲಿಗೆ ಮುನ್ನೂರು ವ್ಯಾಟ್ ಬೇಕು. ಚಿಕ್ಕದು ಬರೀ ಇಪ್ಪತ್ತು. ನನ್ನ ಡ್ರಮ್ಮಿನ ಎದುರು ಸೊಳ್ಳೆ ಗುಂಯ್ ಅಂದ ಹಾಗೆ. ಮಾರೋಕೆ ಹೋದ್ರೂ ಅಡಾಪ್ಟರ್ ಇಲ್ದೆ ಯಾರು ತಗೊಳ್ತಾರೆ? ಅದರ ಪಿನ್ನು ಬೇರೆ, ಇಲ್ಲೆಲ್ಲೂ ಸಿಗಲ್ಲ. ಈಶಾನಂಗೇ ಬೆಂಗಳೂರಿಂದ ತರಿಸಿಕೊಟ್ಟಿದ್ದೆ.”

“ಯಾಕೆ? ಪೆಟ್ಟಿಗೆ ಜೊತೆ ಬಂದಿರ್ಲಿಲ್ವಾ?”

“ಬಂದಿತ್ತು. ಇದು ಎರಡನೇದು.” ಅವನು ದನಿ ತಗ್ಗಿಸಿದ. “ಅಕ್ಕ, ಒಂದು ಮಾತು. ಅದರಲ್ಲಿ ಲೂಪ್ ಬಟನ್ ಇದೆ. ನುಡಿಸಿದ್ದನ್ನ ಹಿಡಿದಿಟ್ಟು ಮತ್ತೆ ಮತ್ತೆ ಕೇಳಿಸುತ್ತೆ. ಕರೆಂಟ್ ತೆಗೆದ್ರೂ ಹೋಗಲ್ಲ. ಈಶಾನ ಕೊನೆಗೆ ನುಡಿಸಿದ್ದು ಇನ್ನೂ ಅದರೊಳಗೆ ಇರ್ಬೇಕು.”

ಅನಿತಾ ಹತ್ತು ತಿಂಗಳು ಆ ಪೆಟ್ಟಿಗೆಯ ಧೂಳು ಒರೆಸಿದ್ದಳು. ಒಂದು ಬಟನ್ನೂ ಒತ್ತಿರಲಿಲ್ಲ. ಕೆಟ್ಟೀತೆಂಬ ಹೆದರಿಕೆ.

“ಮೊದಲೇ ಯಾಕೆ ಹೇಳ್ಲಿಲ್ಲ?”

“ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ. ಆದ್ರೆ ಬೇರೆಯವ್ರು ನುಡಿಸಿ ಅದೇ ಬಟನ್ ಒತ್ತಿ ಹಿಡಿದ್ರೆ ಹಳೇದು ಅಳಿಸಿಹೋಗುತ್ತೆ. ಭಾನುವಾರ ಆಂಪ್‌ಗಳನ್ನ ಕೊಡ್ತೀನಿ ಅಂತ ನೀವು ನಮ್ಮ ವಿವೇಕಂಗೆ ಮಾತು ಕೊಟ್ಟಿದ್ರಂತೆ. ಅವನಿಗೋ ಇವತ್ತೇ ಬೇಕು ಅನ್ನೋ ಅವಸರ.”

*

ವಿವೇಕ ಶೃಂಗೇರಿಯವನು. ತಂಡಕ್ಕೆ ಹೊಸದಾಗಿ ಸೇರಿದ ಬೇಸ್ ವಾದಕ. ಶನಿವಾರ ಬೆಳಿಗ್ಗೆ ಅನಿತಾ ಬಸ್ಸಿಳಿದವಳು ರಸ್ತೆಯಿಂದಲೇ ಶಾರದಾಂಬೆಗೆ ಕೈಮುಗಿದಳು. ಅಮ್ಮಾ, ಅವನು ಬಟನ್ ಒತ್ತದಿರಲಿ.

ವಿವೇಕನ ಕೋಣೆಯ ಮೂಲೆಯಲ್ಲಿ ಬೆಡ್‌ಶೀಟ್ ಹೊದಿಸಿದ ಪೆಟ್ಟಿಗೆಯಿತ್ತು.

“ತೆಗಿ ಅದನ್ನ.”

“ಬೇಡ ಅಕ್ಕ, ಮರ್ಯಾದೆ ಹೋಗುತ್ತೆ.”

ಅವಳೇ ಎಳೆದಳು. ಬೇರೆ ಆಂಪ್. ಸ್ಪೀಕರಿನ ಕಾಗದ ಸೀಳಿ ಜೋತಾಡುತ್ತಿತ್ತು.

“ಫ್ರೆಂಡಿಂದು. ಲೀಡ್ ಗಿಟಾರಿನ ಆಂಪ್. ಅದಕ್ಕೆ ಬೇಸ್ ಹಾಕಿ ಜೋರು ಕೊಟ್ಟೆ, ಹರಿದೇಹೋಯ್ತು. ಬೇಸ್‌ಗೆ ಬೇಸ್ ಆಂಪೇ ಬೇಕು ಅಂತ ಈಶಾನಣ್ಣ ಬಡ್ಕೊಂಡಿದ್ದ. ನಾನು ಕೇಳ್ಬೇಕಲ್ಲ! ಅದಕ್ಕೇ ನಿಮ್ಮ ಜೀವ ತಿಂದಿದ್ದು.”

“ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?”

“ರಿಪೇರಿಗೆ ಅಂತ ಇದನ್ನ ಹೊತ್ಕೊಂಡು ಊರೆಲ್ಲ ಅಲೆದೆ. ಯಾರನ್ನಾದ್ರೂ ಕೇಳಿ. ಎಲ್ರೂ ನಕ್ಕಿದಾರೆ.”

“ನಾನು ಆಂಪ್ ಕೊಡೋ ವಿಷಯ ಯಾರಿಗೆ ಹೇಳಿದ್ದೆ?”

“ಮುಬಶಿರಣ್ಣಂಗೆ. ಇನ್ನೂ... ಅದರ ಬಟನ್ನು ಹೇಗೆ ಅಂತ ಒಬ್ಬರಿಗೆ ಫೋನ್ ಮಾಡಿ ಕೇಳ್ದೆ. ಅವ್ರು ಏನೂ ಹೇಳ್ದೆ ಇಟ್ಬಿಟ್ರು.”

ಅನಿತಾ ಹೆಸರು ಕೇಳಲಿಲ್ಲ. ಕೊಪ್ಪಕ್ಕೆ ವಾಪಸು ಬಂದು ಅಡಾಪ್ಟರನ್ನೂ ಮಣೆಯನ್ನೂ ಕೈಚೀಲಕ್ಕೆ ಹಾಕಿದಳು. ನರಸಿಂಹರಾಜಪುರದ ಬಸ್ಸು ಹತ್ತಿದಳು.

*

ಬಾಗಿಲು ತೆರೆದವಳು ಶ್ರೀರಕ್ಷಾ, ಈಶಾನನ ಹೆಂಡತಿ. ಅಲ್ಲಿ ಶಿಶುವಿಹಾರದ ಟೀಚರು. ವೈಕುಂಠ ಸಮಾರಾಧನೆಯ ಮರುದಿನದಿಂದ ಇಬ್ಬರಿಗೂ ಮಾತಿರಲಿಲ್ಲ.

“ಅತ್ತಿಗೆ...”

“ಒಳಗೆ ಬರ್ಲಾ?”

ಮಂಚದ ಪಕ್ಕ, ನೆಲದ ಮೇಲೆ, ಚಿಕ್ಕ ಆಂಪ್ ಇತ್ತು. ಕೆಂಪು ದೀಪ ಉರಿಯುತ್ತಿತ್ತು. ಶ್ರೀರಕ್ಷಾ ಅಡ್ಡ ನಿಂತಳು. “ಕಂಪ್ಲೇಂಟ್ ಕೊಡಿ. ಆದ್ರೆ ಯಾರಿಗೂ ಕೊಡ್ಬೇಡಿ ಇದನ್ನ.”

“ನೀನೇ ಅಂತ ನಂಗೆ ಹೇಗೆ ಗೊತ್ತಾಯ್ತು ಅಂತ ಕೇಳಲ್ವಾ?” ಅನಿತಾ ಕುಳಿತಳು. “ದುಡ್ಡಿಗೆ ಬಂದವನು ದೊಡ್ಡದನ್ನ ಒಯ್ತಿದ್ದ. ಚಿಕ್ಕದು ಮನೇಲಿ ಕೂತು ಕೇಳೋರಿಗೆ ಮಾತ್ರ ಬೇಕು. ಅಡಾಪ್ಟರ್ ಬಿಟ್ಟುಹೋಗಿದ್ದೆ. ಅಂದ್ರೆ ಇನ್ನೊಂದು ನಿನ್ನತ್ರ ಇತ್ತು. ಬಸ್ಸಲ್ಲಿ ಹೊರೆ ಕಮ್ಮಿಯಾಗ್ಲಿ ಅಂತ ಈಶಾನ ಒಂದನ್ನ ನಮ್ಮನೇಲಿ, ಒಂದನ್ನ ಇಲ್ಲಿ ಇಟ್ಟಿದ್ದ.” ಗೋಡೆಯ ಪ್ಲಗ್ಗಿನತ್ತ ತೋರಿಸಿದಳು. “ಮೀಟರ್ ಬಾಕ್ಸಿನ ಕೀಲಿ ನಿಂಗೂ ಗೊತ್ತು. ಆದ್ರೆ ನೀನು ಸಿಕ್ಕಿಬಿದ್ದಿದ್ದು ಇದ್ರಿಂದ.”

ಚೀಲದಿಂದ ಮಣೆ ತೆಗೆದಳು.

“ಕಳ್ಳನಿಗೆ ಮಣೆ ಎತ್ತಿಡೋ ವ್ಯವಧಾನ ಎಲ್ಲಿ? ಪೆಟ್ಟಿಗೆ ಎತ್ಕೊಂಡು ಓಡ್ತಾನೆ. ಖಾಲಿ ಮಣೆ ನೆಲದಲ್ಲಿ ಬಿಡಬಾರದು, ಎದ್ದವರ ಹಿಂದೆಯೇ ಗೋಡೆಗೆ ಒರಗಿಸ್ಬೇಕು ಅಂತ ನೀನು ಮದುವೆಯಾಗಿ ಬಂದ ದಿನ ಹೇಳಿಕೊಟ್ಟಿದ್ದು ನಾನೇ. ಅವನು ಊಟ ಮಾಡಿ ಎದ್ದಾಗೆಲ್ಲ ನೀನು ಹಾಗೇ ಮಾಡ್ತಿದ್ದೆ. ಕದಿಯೋವಾಗ್ಲೂ ಕೈ ಮರೀಲಿಲ್ಲ.”

ಶ್ರೀರಕ್ಷಾ ಅಡ್ಡ ನಿಂತಲ್ಲಿಂದ ಸರಿದಳು. “ದಿನಾ ಸಂಜೆ ಕೇಳ್ತಿದ್ದೆ ಅತ್ತಿಗೆ. ಹದಿಮೂರನೇ ದಿನದವರೆಗೆ. ಆಮೇಲೆ ನೀವು...”

“ನಮ್ಮ ಮಾಣಿಯ ಸಾಮಾನು ಅಂತ ಜೀಪಿಗೆ ಹಾಕ್ಕೊಂಡು ಹೋದೆ. ನಿನ್ನನ್ನ ಒಂದು ಮಾತು ಕೇಳ್ಲಿಲ್ಲ.” ಅನಿತಾ ತಲೆ ತಗ್ಗಿಸಿದಳು. “ಇಲ್ಲಿ ಮೊದಲು ಕದ್ದವಳು ನಾನು ಶ್ರೀ. ನಿಂದು ಎರಡನೇದು.”

ಅನಿತಾ ಆಂಪಿನ ಕೆಂಪು ದೀಪದತ್ತ ನೋಡಿದಳು.

“ವಿವೇಕ ದೊಡ್ಡದನ್ನ ಒಯ್ಯಲಿ. ಕಾರ್ಯಕ್ರಮಕ್ಕೆ ಬೇಕಾಗಿರೋದೂ ಅದೇ. ನಂಗೆ ಒಂದೇ ಒಂದು ಸಲ ಕೇಳಿಸ್ತೀಯಾ?”

ಶ್ರೀರಕ್ಷಾ ಹೆಡ್‌ಫೋನ್ ನೀಡಿದಳು. “ಮೇಲೆ ಓನರ್ ಇದ್ದಾರೆ.”

“ಬೇಡ. ಅದನ್ನ ತೆಗಿ.”

ಅನಿತಾ ಮಣೆ ಹಾಕಿ ಆಂಪನ್ನು ಅದರ ಮೇಲೆ ಕೂರಿಸಿದಳು. ಶ್ರೀರಕ್ಷಾ ಬಟನ್ ಒತ್ತಿದಳು.

ತಗ್ಗಿನಲ್ಲಿ, ನಿಧಾನವಾಗಿ, ದನಿ ಬಂತು. ನಾಲ್ಕು ಹೆಜ್ಜೆ ಏರಿತು, ಎರಡು ಇಳಿಯಿತು, ಮತ್ತೆ ಏರಹೊರಟು ನಡುವೆಯೇ ತಟ್ಟನೆ ನಿಂತಿತು. ಕೂಡಲೇ ಮೊದಲಿನಿಂದ ಶುರುವಾಯಿತು.

“ಎಂತಕ್ಕೆ ಅರ್ಧಕ್ಕೆ ನಿಲ್ಲಿಸಿದ?”

“ನಾನು ಊಟಕ್ಕೆ ಕರೆದೆ.”

ಅನಿತಾ ಮಣೆಯ ಅಂಚಿಗೆ ಅಂಗೈ ಇಟ್ಟಳು. ಮರ ಮೆಲ್ಲಗೆ ಅದುರುತ್ತಿತ್ತು.

“ಇನ್ನೂ ಸ್ವಲ್ಪ ಜೋರು ಮಾಡು,” ಎಂದಳು.