ಮೂರನೇ ರೀಡಿಂಗ್

"ಕಾಲಮ್ ಕೆಟ್ಟಿದೆ" ಎಂದು ಅವನು ತೀರ್ಪು ಕೊಟ್ಟಾಗ ಅವಳ ಎಡಗೈ ಇನ್ನೂ ಮೇಜಿನ ಕೆಳಗೇ ಇತ್ತು.

ಮೇಜಿನ ಕೆಳಗೆ ಹೀಟರಿನ ಗುಂಡಿ ಇತ್ತು. ಆಗಷ್ಟೇ ಅವಳು ಅದನ್ನು ಕೂದಲೆಳೆಯಷ್ಟು ಬಲಕ್ಕೆ ತಿರುಗಿಸಿದ್ದಳು.

"ಕೆಟ್ಟಿದೆಯಾ?" ಎಂದಳು, ಏನೂ ಅರಿಯದವಳಂತೆ.

"ನೀನೇ ನೋಡು. ಎಪ್ಪತ್ತೆಂಟು ಪಾಯಿಂಟ್ ನಾಲ್ಕು ಇತ್ತು. ಹತ್ತು ನಿಮಿಷ ಬಿಟ್ಟು ನೋಡಿದ್ರೂ ಅಷ್ಟೇ. ಇನ್ನೇನು ಮೂರನೇದೂ ಅಷ್ಟೇ ಬರುತ್ತೆ ಅನ್ನೋವಾಗ ಮೇಲೆ ಹೋಯ್ತು. ನಿನ್ನೆನೂ ಹೀಗೇ, ಮೊನ್ನೆನೂ ಹೀಗೇ. ದೆವ್ವ ಗಿವ್ವ ಮೆಟ್ಕೊಂಡಿದೆಯಾ ಇದಕ್ಕೆ?"

"ಇದ್ರೂ ಇರಬಹುದು."

"ದೆವ್ವಕ್ಕೆ ಡಿಸ್ಟಿಲೇಶನ್ ಬರಲ್ಲ" ಎಂದು ಅವನು ಪೆನ್ನನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡ. "ಸರಿ, ಮತ್ತೆ ಕಾಯೋಣ."

ಅವಳಿಗೆ ಬೇಕಾಗಿದ್ದದ್ದು ಆ ಮಾತೇ.

ಕಾಲಮ್ ಎಂದರೆ ಆಳೆತ್ತರಕ್ಕಿಂತ ಉದ್ದದ ಗಾಜಿನ ಕಂಬ. ಬುಡದಲ್ಲಿ ಆಲ್ಕೋಹಾಲ್ ಬೆರೆತ ನೀರು ಕುದಿಯುತ್ತದೆ. ಒಳಗೆ ಒಂದರ ಮೇಲೊಂದು ತೂತಿನ ತಟ್ಟೆಗಳು. ಆವಿ ತಟ್ಟೆ ದಾಟಿ ಏರುತ್ತದೆ, ತುದಿಯಲ್ಲಿ ತಣ್ಣಗಾಗಿ ಹನಿಯಾಗುತ್ತದೆ, ಹನಿ ಮತ್ತೆ ತಟ್ಟೆ ತಟ್ಟೆಯಾಗಿ ಇಳಿಯುತ್ತದೆ. ತುದಿಯ ಥರ್ಮಾಮೀಟರ್ ಒಂದೇ ಅಂಕಿಯಲ್ಲಿ ನಿಂತಿತೆಂದರೆ ಕಾಲಮ್ ಸ್ಥಿರವಾಯಿತು. ಸ್ಯಾಂಪಲ್ ತೆಗೆಯುವುದು ಆಗಲೇ. ಅಲ್ಲಿಯವರೆಗೆ ಏನನ್ನೂ ಹೊರಗೆ ತೆಗೆಯುವಂತಿಲ್ಲ, ಕಾಯಬೇಕು.

ಕೆಮಿಕಲ್ ಇಂಜಿನಿಯರಿಂಗಿನ ಕೊನೆಯ ಸೆಮಿಸ್ಟರಿನಲ್ಲಿ ಹಾಜರಿ ಸಂಖ್ಯೆ ಅಕ್ಕಪಕ್ಕ ಇದ್ದುದರಿಂದ ಇಬ್ಬರಿಗೂ ಈ ಒಂದೇ ಪ್ರಾಜೆಕ್ಟ್ ಸಿಕ್ಕಿತ್ತು. ಉಳಿದವರು ಎರಡು ರೀಡಿಂಗ್ ಸರಿಹೊಂದಿದರೆ ಸಾಕೆಂದು ಕ್ಯಾಂಟೀನಿಗೆ ಓಡುತ್ತಿದ್ದರು. ಇವನಿಗೆ ಮೂರು ಬೇಕು. ಎರಡು ಸಲ ಒಂದೇ ಉತ್ತರ ಬಂದರೆ ಅದು ಅದೃಷ್ಟವೂ ಆಗಿರಬಹುದು ಎಂಬುದು ಅವನ ವಾದ. ಕ್ಲಾಸಿನಲ್ಲಿ ಅವನ ಹೆಸರೇ 'ಮೂರು ರೀಡಿಂಗ್'.

ಅವಳ ಹೆಸರು 'ಲಾಂಡ್ರಿ'. ಅಪ್ಪನದು ಡ್ರೈಕ್ಲೀನಿಂಗ್ ಅಂಗಡಿ. ಬಟ್ಟೆ ತೊಳೆದು ಕೊಳೆಯಾದ ದ್ರಾವಕವನ್ನು ಅಂಗಡಿಯ ಯಂತ್ರ ಕಾಯಿಸಿ, ಆವಿ ಮಾಡಿ, ತಣಿಸಿ, ತಿಳಿಯಾಗಿ ವಾಪಸ್ ಕೊಡುತ್ತಿತ್ತು. ಚಿಕ್ಕಂದಿನಲ್ಲಿ ಅವಳು ಯಂತ್ರದ ಪುಟ್ಟ ಗಾಜಿನ ಕಿಂಡಿಗೆ ಮೂಗು ಒತ್ತಿಕೊಂಡು ಆ ತಿಳಿ ಹನಿಗಳನ್ನೇ ನೋಡುತ್ತ ಕೂರುತ್ತಿದ್ದಳು. ಕೆಮಿಕಲ್ ಸೇರಿದ್ದು ಆ ಕಿಂಡಿಯ ದೆಸೆಯಿಂದ. "ಬಟ್ಟೆ ಒಗೆಯೋಕೆ ಇಂಜಿನಿಯರಿಂಗ್ ಯಾಕೆ ಬೇಕಿತ್ತೇ?" ಎಂದು ಚಿಕ್ಕಮ್ಮ ಇವತ್ತಿಗೂ ಕೇಳುತ್ತಾಳೆ.

ಮೊದಲ ಸಲ ಗುಂಡಿ ತಿರುಗಿದ್ದು ನಿಜಕ್ಕೂ ಅವಳ ಮೊಣಕಾಲು ತಾಗಿ. ಅಂಕಿ ಅಲುಗಾಡಿತು. ಹೊರಡಲು ಎದ್ದಿದ್ದ ಅವನು ಉಸಿರುಬಿಟ್ಟು ಕೂತ. ಕೂತವನು ಅರ್ಧಕ್ಕೆ ಬಿಟ್ಟಿದ್ದ ಮಾತನ್ನು ಮತ್ತೆ ಎತ್ತಿಕೊಂಡ. ನರ್ಸ್ ಆಗಿರುವ ಅಕ್ಕ, ಅಕ್ಕನ ಎರಡು ಕೋಣೆಯ ಮನೆ, ಥರ್ಮಾಮೀಟರ್ ಎಂಬುದನ್ನು ಅವನು ಮೊದಲು ನೋಡಿದ್ದೇ ಅಕ್ಕನ ಚೀಲದಲ್ಲಿ.

ಎರಡನೇ ಸಲದ್ದು ಮೊಣಕಾಲಿನ ತಪ್ಪಾಗಿರಲಿಲ್ಲ.

ಕಾಯುವಾಗ ಅವನು ಕಾಲಮ್ ನೋಡುತ್ತಿದ್ದ, ಅವಳು ಕಾಲಮ್ಮಿನಲ್ಲಿ ಅವನನ್ನು ನೋಡುತ್ತಿದ್ದಳು. ದುಂಡು ಗಾಜಿನಲ್ಲಿ ಅವನ ಮುಖ ಸೌತೆಕಾಯಿಯಂತೆ ಉದ್ದವಾಗಿ ಕಾಣುತ್ತಿತ್ತು. ಕುದಿ ಏರಿದಾಗ ಮೂಗಿನ ಮೇಲೆ ಗುಳ್ಳೆಗಳು ಓಡಾಡುತ್ತಿದ್ದವು. ಅಂಕಿ ಓದುವಾಗ ಅವನ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು, ಮಕ್ಕಳು ಮಗ್ಗಿ ನೆನಪಿಸಿಕೊಳ್ಳುವಂತೆ.

"ಏನು ನೋಡ್ತಿದ್ದೀಯ?" ಎಂದು ಅವನು ಒಮ್ಮೆ ತಟ್ಟನೆ ತಿರುಗಿದ.

"ಮೂರನೇ ತಟ್ಟೆ."

"ಏನಾಗಿದೆ ಮೂರನೇ ತಟ್ಟೆಗೆ?"

"ಚೆನ್ನಾಗಿದೆ" ಎಂದಳು.

ಅವನು ಮೂರನೇ ತಟ್ಟೆಯನ್ನು ಬಹಳ ಹೊತ್ತು ಪರೀಕ್ಷಿಸಿದ.

ಹೀಗೆ ಸುಖವಾಗಿ ನಡೆದಿದ್ದ ವ್ಯವಹಾರ ಕೈಮೀರಿದ್ದು ಆ 'ಕೆಟ್ಟಿದೆ' ಎಂಬ ತೀರ್ಪಿನಿಂದ. ಮರುದಿನ ಅವನು ನೇರ ಪ್ರಾಜೆಕ್ಟಿನ ಗೈಡ್ ಮೇಡಂ ಬಳಿ ಹೋಗಿ, ಕಾಲಮ್ ಬಿಚ್ಚಿ ನೋಡಲು ಒಪ್ಪಿಗೆ ತಂದ. ಗಾಜು ಬಿಚ್ಚಿದರೆ ಸಂದುಗಳಿಂದ ಆವಿ ಸೋರದಂತೆ ತಡೆಯುವ ಗ್ಯಾಸ್ಕೆಟ್‌ಗಳೆಲ್ಲ ಹೊಸದು ಬೇಕು. ಅವು ಹೊರಗಿನಿಂದ ಬರಬೇಕು, ವಾರಗಟ್ಟಲೆ ಹಿಡಿಯುತ್ತದೆ.

"ನಿನ್ನ ಕೆಲಸ?" ಎಂದಳು ಅವಳು. ದೂರದ ಊರಿನ ದ್ರಾವಕದ ಕಾರ್ಖಾನೆಯೊಂದು ಅವನನ್ನು ಟ್ರೈನಿಯಾಗಿ ಆರಿಸಿತ್ತು. ಇಡೀ ಬ್ಯಾಚಿನಲ್ಲಿ ಅವರು ತೆಗೆದುಕೊಂಡದ್ದು ಒಬ್ಬನನ್ನೇ. ಪ್ರಾಜೆಕ್ಟ್ ಮುಗಿಸಿ ತಿಂಗಳ ಕೊನೆಯೊಳಗೆ ಸೇರಬೇಕಿತ್ತು.

"ಕಾಯಲ್ಲ ಅವರು. ಬೇರೆ ಯಾರನ್ನಾದ್ರೂ ತಗೋತಾರೆ."

"ಅಷ್ಟು ಸಲೀಸಾ?"

"ಸಲೀಸಲ್ಲ. ರಾತ್ರಿ ನಿದ್ದೆ ಬಂದಿಲ್ಲ. ಆದ್ರೆ ನನಗೇ ನಂಬಿಕೆ ಇಲ್ಲದ ರಿಸಲ್ಟ್ ಇಟ್ಕೊಂಡು ಹೇಗೆ ಸೈನ್ ಹಾಕ್ಲಿ?"

ಅವಳು ಎಡಗೈಯನ್ನು ಬೆನ್ನ ಹಿಂದೆ ಒಯ್ದಳು.

ಸಂಜೆ ಅಂಗಡಿಯಲ್ಲಿ ಅಪ್ಪ ಕೋಟಿಗೆ ಚೀಟಿ ಚುಚ್ಚುತ್ತ ಅವಳತ್ತ ನೋಡಿದರು. "ಏನಮ್ಮಾ, ಮುಖ ಇಸ್ತ್ರಿ ಕಾಣದ ಶರ್ಟಿನ ಥರ ಆಗಿದೆ?"

"ಅಪ್ಪಾ, ಗಿರಾಕಿ ಬಟ್ಟೆ ನೀನೇ ಹಾಳು ಮಾಡಿಬಿಟ್ರೆ ಏನ್ಮಾಡ್ತೀಯ?"

"ಅವರು ಕವರ್ ಬಿಚ್ಚೋಕೆ ಮುಂಚೆ ಹೇಳ್ಬಿಡ್ತೀನಿ. ಬಿಚ್ಚಿದ ಮೇಲೆ ಹೇಳಿದ್ರೆ ಅದೇ ಮಾತು ಸುಳ್ಳಿನ ಥರ ಕೇಳ್ಸುತ್ತೆ." ಅಪ್ಪ ಪಿನ್ನನ್ನು ತುಟಿಯಿಂದ ತೆಗೆದರು. "ಯಾರ ಬಟ್ಟೆ?"

"ಕ್ಲಾಸ್‌ಮೇಟ್‌ದು."

"ಹುಡುಗನ ಬಟ್ಟೆಯಾ?"

"ಅಪ್ಪಾ!"

"ಕೇಳಿದೆ ಅಷ್ಟೇ" ಎಂದು ಅವರು ಕೋಟಿನ ಮರೆಗೆ ಸರಿದರು.

ಬೆಳಿಗ್ಗೆ ಅವಳು ಲ್ಯಾಬಿಗೆ ಓಡಿ ಬರುವಷ್ಟರಲ್ಲಿ ಉಪಕರಣ ನೋಡಿಕೊಳ್ಳುವ ಲ್ಯಾಬ್ ಅಣ್ಣ ಸ್ಟೂಲ್ ಹತ್ತಿ ಮೊದಲ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟಾಗಿತ್ತು. ಅವನು ಕೆಳಗೆ ಎರಡೂ ಕೈಗಳಿಂದ ಗಾಜು ಹಿಡಿದು ನಿಂತಿದ್ದ.

"ಅಣ್ಣಾ, ನಿಲ್ಸಿ! ಕಾಲಮ್ ಸರಿಯಾಗೇ ಇದೆ. ಹೀಟರ್ ನಾನು ತಿರುಗಿಸ್ತಿದ್ದೆ!"

ಅವನು ಗಾಜು ಬಿಡದೆಯೇ ಅವಳತ್ತ ತಿರುಗಿದ.

"ಎಷ್ಟು?" ಎಂದ ಅವನು.

"ಏನು ಎಷ್ಟು?"

"ಎಷ್ಟು ತಿರುಗಿಸ್ತಿದ್ದೆ?"

"ಒಂದು ಚೂರು. ಎರಡನೇ ರೀಡಿಂಗ್ ಆದ ತಕ್ಷಣ."

ಅವನ ತುಟಿಗಳು ಅಲುಗಿದವು. ಹಿಂದಿನ ರನ್‌ಗಳೆಲ್ಲ ಒಂದೊಂದಾಗಿ ಅವನ ತಲೆಯಲ್ಲಿ ಸರಿಯಾದ ಜಾಗಕ್ಕೆ ಬಂದು ಕೂರುತ್ತಿರುವುದು ಅವಳಿಗೆ ಕಾಣುತ್ತಿತ್ತು. ಆಮೇಲೆ ಕೇಳಿದ, "ಯಾಕೆ?"

ಲ್ಯಾಬ್ ಅಣ್ಣ ಸ್ಟೂಲಿನಿಂದ ಇಳಿದರು. "ನಾನು ಚಹಾ ಕುಡಿದು ಬರ್ತೀನಪ್ಪಾ. ಇದು ಸ್ಪ್ಯಾನರ್ ಕೆಲಸ ಅಲ್ಲ."

ಬಾಗಿಲು ಮುಚ್ಚುವವರೆಗೆ ಅವಳು ಕಾದಳು. "ಸ್ಥಿರ ಆದ್ರೆ ಸ್ಯಾಂಪಲ್ ತೆಗೀತೀಯ. ತೆಗೆದ್ರೆ ಪ್ರಾಜೆಕ್ಟ್ ಮುಗಿಯುತ್ತೆ. ಮುಗಿದ್ರೆ ನೀನು ಹೋಗ್ತೀಯ. ನನಗೆ ನೀನು ಇಲ್ಲೇ ಇರಬೇಕಿತ್ತು."

"ನಾನು ಕೆಲಸ ಬಿಡೋಕೆ ಹೊರಟಿದ್ದೆ."

"ಗೊತ್ತು. ಅದಕ್ಕೇ ಹೇಳಿದ್ದು."

"ಇಲ್ಲದಿದ್ರೆ ಹೇಳ್ತಿರಲಿಲ್ಲ?"

ಅವಳು ಪ್ರಾಮಾಣಿಕವಾಗಿ ಯೋಚಿಸಿದಳು. "ಇನ್ನೊಂದೆರಡು ವಾರ ಹೇಳ್ತಿರಲಿಲ್ಲ."

ಅವನು ಬೆನ್ನು ತಿರುಗಿಸಿ ಕಾಲಮ್ಮಿನ ಎದುರು ನಿಂತ. ಕೋಪ ಬಂದಿದೆ, ಬರಲೇಬೇಕು ಎಂದುಕೊಂಡಳು. ಬಂದಿತ್ತು ಕೂಡ, ಕುತ್ತಿಗೆ ಕೆಂಪಗಾಗಿತ್ತು. ಆದರೆ ಗಾಜು ಚಾಡಿ ಹೇಳಿಬಿಟ್ಟಿತು. ಅವನು ಬಚ್ಚಿಟ್ಟುಕೊಳ್ಳಲು ನೋಡುತ್ತಿದ್ದ ನಗು ಅದರಲ್ಲಿ ತಲೆಯಿಂದ ಗಲ್ಲದವರೆಗೆ ಎಳೆದು ಕಾಣುತ್ತಿತ್ತು.

"ಒಂದು" ಎಂದು ಅವನು ಗಾಜಿಗೆ ಹೇಳಿದ.

"ಏನು ಒಂದು?"

"ಏನಿಲ್ಲ."

ಮೇಡಂ ಬಳಿಗೆ ಅವಳು ಒಬ್ಬಳೇ ಹೋದಳು. ಅವರು ಕೂಗಾಡಲಿಲ್ಲ. "ಇದನ್ನೇ ಫ್ಯಾಕ್ಟರಿಯಲ್ಲಿ ಮಾಡಿದ್ದಿದ್ರೆ?" ಎಂದು ಕೇಳಿದರು. ಅವಳ ಅಂಕಕ್ಕೆ ಕತ್ತರಿ ಬಿತ್ತು, ಹಳೆಯ ಡೇಟಾ ಕಸದ ಬುಟ್ಟಿಗೆ ಬಿತ್ತು, ಎಲ್ಲವನ್ನೂ ಮೊದಲಿನಿಂದ ಮಾಡಬೇಕೆಂದು ಅಪ್ಪಣೆಯಾಯಿತು. ಇವತ್ತಿಗೂ ಯಾವುದೇ ಕಂಟ್ರೋಲ್ ರೂಮಿಗೆ ಕಾಲಿಟ್ಟಾಗ ಅವಳಿಗೆ ಆ ಪ್ರಶ್ನೆ ಮೊದಲು ಕೇಳಿಸುತ್ತದೆ.

"ಎರಡೂ ಕೈ ಮೇಜಿನ ಮೇಲೆ" ಎಂದು ಮರುದಿನ ಅವನು ಆಜ್ಞೆ ಮಾಡಿದ. "ನನಗೆ ಕಾಣೋ ಹಾಗೆ."

ಇಟ್ಟಳು.

"ಎಡಗೈ ಮೇಲೆ ನನಗೆ ನಂಬಿಕೆ ಇಲ್ಲ."

"ಏನ್ಮಾಡ್ತೀಯ ಹಾಗಾದ್ರೆ?"

ಅವನು ಅದನ್ನು ಎತ್ತಿ ತನ್ನ ಕೈಯೊಳಗೆ ಹಿಡಿದುಕೊಂಡ. "ಇಂಟರ್‌ಲಾಕ್. ತಪ್ಪು ಗುಂಡಿ ತಿರುಗದ ಹಾಗೆ ಬೀಗ, ಸೇಫ್ಟಿ ದೃಷ್ಟಿಯಿಂದ."

ಥರ್ಮಾಮೀಟರ್ ಎಪ್ಪತ್ತೆಂಟು ಪಾಯಿಂಟ್ ನಾಲ್ಕಕ್ಕೆ ಏರಿ, ಬಂಡೆಯಂತೆ ನಿಂತುಬಿಟ್ಟಿತು. ಇಬ್ಬರಿಗೂ ಅದರ ಮೇಲೆ ಸಿಟ್ಟು ಬಂತು.

*

ಅವನು ಊರು ಬಿಟ್ಟ ದಿನ ಬಸ್ ನಿಲ್ದಾಣದಲ್ಲಿ ಅವನ ಅಕ್ಕ ತಿಂಡಿಯ ಪೊಟ್ಟಣ ತರಲು ಹೋದ ಸಂದು ನೋಡಿ ಅವಳು ಹೇಳಿದಳು, "ನೋಡು, ನೀನು ಎಲ್ಲಿದ್ರೂ ನನ್ನ ಮನಸ್ಸು ಇದೇ. ಬದಲಾಗಲ್ಲ."

ಅವನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಎರಡು ಬೆರಳು ಎತ್ತಿದ. "ಎರಡು."

ಈ ಸಲ ಅವಳಿಗೆ ಅರ್ಥವಾಯಿತು. "ಥೂ ನಿನ್ನ! ನನ್ನನ್ನೂ ರೀಡಿಂಗ್ ಮಾಡ್ತಿದ್ದೀಯಾ?"

"ಮೂರು ಆದ ಮೇಲೆ ನಾನು ಹೇಳೋದಿದೆ" ಎಂದ. ಬಸ್ಸು ಹೊರಟಿತು. ಅವಳು ನಗಬೇಕೋ ಕಲ್ಲೆಸೆಯಬೇಕೋ ತಿಳಿಯದೆ ನಿಂತಳು.

ಅವಳಿಗೂ ಕೆಲಸ ಸಿಕ್ಕಿತು, ಅಪ್ಪನ ಅಂಗಡಿಯಿದ್ದ ಊರಿನಲ್ಲೇ, ಒಂದು ಡಿಸೈನ್ ಆಫೀಸಿನಲ್ಲಿ. ಮೊದಲ ವರ್ಷವೆಲ್ಲ ಡ್ರಾಯಿಂಗಿನ ಪೈಪುಗಳಿಗೆ ಸರಿಯಾದ ನಂಬರ್ ಇದೆಯೇ ಎಂದು ನೋಡುವ ಕೆಲಸ. ಅವಳ ಮೇಲಿನ ಹಿರಿಯ ಇಂಜಿನಿಯರಿಗೆ ಆಫೀಸಿನಲ್ಲಿ 'ಕೆಂಪು ಪೆನ್ಸಿಲ್' ಎಂದು ಹೆಸರು. ಅವರ ಕೈಯಿಂದ ವಾಪಸ್ ಬಂದ ಹಾಳೆ ದಡಾರ ಎದ್ದ ಮಗುವಿನಂತಿರುತ್ತಿತ್ತು. ಬರಬರುತ್ತ ಕೆಂಪು ಕಡಿಮೆಯಾಯಿತು. ಅತ್ತ ಅವನು ಶಿಫ್ಟ್ ಮುಗಿಸಿ ಫೋನ್ ಮಾಡುತ್ತಿದ್ದ. ಪಂಪು, ವಾಲ್ವು, ಮೆಸ್ಸಿನ ಸಾರು ಎಲ್ಲದರ ವರದಿ ಒಪ್ಪಿಸುತ್ತಿದ್ದ. ಮೂರಾದ ಮೇಲೆ ಹೇಳಬೇಕಿದ್ದ ಮಾತು ಮಾತ್ರ ಇಲ್ಲ. ಅವಳೂ ಕೇಳಲಿಲ್ಲ. ಫೋನಿನಲ್ಲಿ ತಾನು ಮೂರನೇ ಸಲ ಹೇಳಿದರೆ ಇವನು ಅದನ್ನು ರೀಡಿಂಗ್ ಎಂದು ಲೆಕ್ಕಕ್ಕೆ ಹಿಡಿಯುವವನಲ್ಲ.

ಅಷ್ಟರಲ್ಲಿ ಅವನ ಕಾರ್ಖಾನೆಯೇ ಹೊಸ ಕಾಲಮ್ ಒಂದರ ಡಿಸೈನನ್ನು ಅವಳ ಆಫೀಸಿಗೆ ಒಪ್ಪಿಸಿತು. ತಟ್ಟೆಗಳ ಲೆಕ್ಕ ಅವಳ ಪಾಲಿಗೆ ಬಂತು. ಕಾಲಮ್ ಶುರುಮಾಡುವ ದಿನ ಗೊತ್ತಾದಾಗ ಕೆಂಪು ಪೆನ್ಸಿಲ್ ಅವಳನ್ನು ಕರೆದು, "ಹೋಗಿ ಬಾಮ್ಮ. ಕಾಗದದ ಮೇಲೆ ಬರೆದದ್ದು ಎಷ್ಟೆತ್ತರ ಇರುತ್ತೆ ಅಂತ ಒಂದ್ಸಲ ಕತ್ತೆತ್ತಿ ನೋಡ್ಬೇಕು" ಎಂದರು.

ಕತ್ತೆತ್ತಿ ನೋಡಿದಳು. ಹೆಲ್ಮೆಟ್ ಹಿಂದಕ್ಕೆ ಜಾರಿತು. ಅಷ್ಟೆತ್ತರ.

"ಸ್ವಾಗತ ಮೇಡಂ" ಎಂದ ಅವನು, ಆಪರೇಟರ್‌ಗಳ ಎದುರು ಗಂಭೀರವಾಗಿ. ಬಿಸಿಲಿಗೆ ಕಪ್ಪಗಾಗಿದ್ದ. ಪೆನ್ನು ಮಾತ್ರ ಕಿವಿಯ ಹಿಂದೆ ಅಲ್ಲೇ ಇತ್ತು.

"ನಮಸ್ಕಾರ ಸರ್" ಎಂದಳು. ನಗು ತಡೆಯಲು ಕೆನ್ನೆಯೊಳಗೆ ಕಚ್ಚಿಕೊಳ್ಳಬೇಕಾಯಿತು.

ಮಧ್ಯಾಹ್ನದ ಹೊತ್ತಿಗೆ ಕಾಲಮ್ ಬಿಸಿಯಾಗಿ, ಆವಿ ಏರಿ, ಹನಿ ಇಳಿಯತೊಡಗಿತು. ಕಂಟ್ರೋಲ್ ರೂಮಿನ ತೆರೆಯ ಮೇಲೆ ಉಷ್ಣಾಂಶದ ಗೆರೆ ದಾರ ಎಳೆದಂತೆ ನೆಟ್ಟಗಾಯಿತು. ಅವಳ ತಟ್ಟೆಗಳು ಲೆಕ್ಕ ತಪ್ಪಿರಲಿಲ್ಲ.

"ಸಾರ್, ಗೆರೆ ಅಲುಗಾಡದೆ ಎಷ್ಟೊತ್ತಾಯ್ತು. ಪ್ರಾಡಕ್ಟ್ ತೆಗೀಲಾ?" ಎಂದು ಹಿರಿಯ ಆಪರೇಟರ್ ಕೇಳಿದರು.

"ಇನ್ನೊಂಚೂರು ಕಾಯೋಣ. ಮೇಡಂ, ಕೆಳಗೆ ಸ್ಯಾಂಪಲ್ ಪಾಯಿಂಟ್ ತೋರಿಸ್ತೀನಿ, ಬನ್ನಿ" ಎಂದು ವಾಕಿಟಾಕಿ ಎತ್ತಿಕೊಂಡು ಅವನು ಹೊರಟ.

ಕಾಲಮ್ಮಿನ ಬುಡದಲ್ಲಿ ಪೈಪುಗಳು ಗುಂಯ್‌ಗುಟ್ಟುತ್ತಿದ್ದವು. ಅವನು ಕೆಮ್ಮಿದ. ಹೆಲ್ಮೆಟ್ ಸರಿಮಾಡಿಕೊಂಡ.

"ಬಸ್ ಸ್ಟ್ಯಾಂಡಲ್ಲಿ ಹೇಳಿದ್ದೆಯಲ್ಲ, ಅದು ಇನ್ನೂ ಅಷ್ಟೇ ಇದೆಯಾ?"

ಅವಳು ಕಾಲಮ್ಮಿನ ತುದಿಯತ್ತ ನೋಡಿದಳು. "ಇಲ್ಲ. ಸ್ವಲ್ಪ ಮೇಲೆ ಹೋಗಿದೆ."

"ಅಯ್ಯೋ. ಹಾಗಾದ್ರೆ ಸ್ಥಿರ ಇಲ್ಲ. ಮತ್ತೆ ಮೊದಲಿಂದ..."

ಅವಳು ಅವನ ಹೆಲ್ಮೆಟ್ ಮೇಲೆ ಟಣ್ಣೆಂದು ಬಾರಿಸಿದಳು.

"ಮೂರು!" ಎಂದ ಅವನು ನಗುತ್ತ, ತಲೆಗೆ ಕೈ ಅಡ್ಡ ಹಿಡಿದು. "ಮೂರು, ಮೂರು. ಒಪ್ಪಿದೆ. ಹೇಳೋದು ಇದು, ನನಗೆ ಮೊದಲ ದಿನದಿಂದ ಒಂದೇ ರೀಡಿಂಗ್. ನಿನ್ನದೇ ಗೊತ್ತಾಗ್ಬೇಕಿತ್ತು. ನಿಮ್ಮ ಊರಲ್ಲಿ ನಮ್ಮ ಕಂಪನಿದು ಇನ್ನೊಂದು ಪ್ಲಾಂಟ್ ಇದೆಯಲ್ಲ, ಅಲ್ಲಿಗೆ ಟ್ರಾನ್ಸ್‌ಫರ್ ಕೇಳಿದ್ದೆ. ಸಿಕ್ಕಿದೆ. ನಿಮ್ಮಪ್ಪನ ಹತ್ರ ಹೇಗೆ ಬರ್ಲಿ ಹೇಳು."

"ಒಂದು ಶರ್ಟ್ ಕೊಳೆ ಮಾಡ್ಕೊಂಡು ಬಾ. ಅಂಗಡಿ ತೆಗೆದೇ ಇರುತ್ತೆ." "ಯಾವಾಗ ಹೊರಡೋದು?"

"ಈ ಕಾಲಮ್‌ನಲ್ಲಿ ಪ್ರಾಡಕ್ಟ್ ಬಂದ ಮೇಲೆ ಹೊರಡು ಅಂದಿದ್ದಾರೆ."

ಅವಳು ಅವನನ್ನು ದಿಟ್ಟಿಸಿದಳು. "ಮತ್ತೆ ಇಷ್ಟೊತ್ತು ಯಾಕೋ ಕಾಯಿಸ್ತಿದ್ದೆ, ಕೋತಿ?"

"ಕೇಳೋಕೆ ಧೈರ್ಯ ಬರಬೇಕಲ್ಲ."

ವಾಕಿಟಾಕಿ ಗೊರಗುಟ್ಟಿತು. "ಸಾರ್, ಇನ್ನೂ ಕಾಯೋದಾ?"

ಅವನು ಉತ್ತರಿಸುವ ಮೊದಲೇ ಅದು ಅವಳ ಬಲಗೈಗೆ ಬಂದಿತ್ತು. "ಬೇಡ ಅಣ್ಣಾ. ತೆಗೀರಿ."

ಎಡಗೈಯನ್ನು ಅವನು ಹಿಡಿದುಕೊಂಡಿದ್ದ. ಪ್ರಾಡಕ್ಟ್ ಪೈಪಿನ ಪುಟ್ಟ ಗಾಜಿನ ಕಿಂಡಿಯ ಮುಂದೆ ಇಬ್ಬರೂ ಬಗ್ಗಿದರು, ಹೆಲ್ಮೆಟ್‌ಗಳು ಡಿಕ್ಕಿ ಹೊಡೆದವು. ಮೊದಲ ಹನಿ ಬಂತು, ತಿಳಿಯಾಗಿ. ಹಿಂದೆಯೇ ಇನ್ನೊಂದು ಬಂತು. ಆಮೇಲೆ ಎಣಿಸಲು ಬಾರದಂತೆ ಹರಿಯತೊಡಗಿತು.