ಅಪ್ಪನ ಹಾಡಿನ ಸಿಡಿ

ಇದು ಎರಡು ಸಾವಿರದ ಏಳರಲ್ಲಿ, ಹುಬ್ಬಳ್ಳಿಯ ವಿದ್ಯಾನಗರದ ನಮ್ಮ ಮನೆಯಲ್ಲಿ ಹಾಡಹಗಲೇ ನಡೆದದ್ದು. ತೀರಿಹೋದ ನಮ್ಮಪ್ಪ ಹಾಡಿದ್ದ ಭಜನೆಯ ಸಿಡಿ ಒಂದೇ ಒಂದು ಉಳಿದಿತ್ತು. ಅದರ ಮೇಲೂ ಗೀರುಗಳು ಬಿದ್ದಿದ್ದವು.

“ಅಕ್ಕಾ, ಈಗ ಎಲ್ಲಾರೂ ಹಾಡು ಡೌನ್‌ಲೋಡ್ ಮಾಡ್ಕೊಂಡು ಕೇಳ್ತಾರ. ಅಪ್ಪನ ಹಾಡು ಎಲ್ಲಿ ಸಿಗತೈತಿ? ಇದನ್ನ ಕಂಪ್ಯೂಟರಿಗೆ ಹಾಕಿಡೋಣು,” ಎಂದ ತಮ್ಮ ಪರಮೇಶ.

ಸಿಡಿಯಲ್ಲಿ ಹಾಡು ಸ್ಪಷ್ಟವಾಗಿತ್ತು. ಕಂಪ್ಯೂಟರಿಗೆ ಇಳಿದ ಪ್ರತಿಯಲ್ಲಿ ಮಾತ್ರ ಯಾರೋ ಉಸಿರಾಡುವ ಸದ್ದಷ್ಟೇ ಇತ್ತು. ಏಪ್ರಿಲ್ ಸೆಕೆಯಲ್ಲೂ ಹೊರಬಂದ ಸಿಡಿ ಕೊರೆಯುವಷ್ಟು ತಣ್ಣಗಿತ್ತು.

“ನಾ ಬಿಡೂದಿಲ್ಲ, ಇನ್ನೊಮ್ಮಿ ಹಾಕು,” ಎಂದೆ.

ಎರಡನೆಯ ಪ್ರತಿಯಲ್ಲಿ ನನ್ನದೇ ದನಿ ಕೇಳಿತು: “ನಾ ಬಿಡೂದಿಲ್ಲ, ಇನ್ನೊಮ್ಮಿ ಹಾಕು.”

ನಮ್ಮ ಕಂಪ್ಯೂಟರಿಗೆ ಮೈಕೇ ಇರಲಿಲ್ಲ. ಪರಮೇಶ ಎದ್ದು ನಿಂತ. “ಸಾಕು ಅಕ್ಕಾ, ತಗೀ ಅದನ್ನ.”

ಅಪ್ಪನ ದನಿ ಉಳಿಸಿಕೊಳ್ಳದೆ ಏಳುವುದಿಲ್ಲವೆಂದು ಹಲ್ಲು ಕಚ್ಚಿ ಮೂರನೆಯ ಸಲ ಹಾಕಿದೆ. ಈಗ ಪರಮೇಶನ ಮಾತು ಕೇಳಿತು. ಅದರ ಹಿಂದೆಯೇ ಅಪ್ಪನ ದನಿ, ಬಲು ಹತ್ತಿರದಿಂದ: “ಸುಕನ್ಯಾ, ಹಾಡು ಆಮ್ಯಾಲ ಹಾಡ್ತೇನಿ. ಮೊದಲ ಬಾಗಲಾ ತಗೀ.”

ನಾವಿಬ್ಬರೂ ತಿರುಗಿ ನೋಡಿದೆವು. ಮನೆಯ ಬಾಗಿಲು ಮುಂಜಾನೆಯಿಂದ ತೆರೆದೇ ಇತ್ತು. ಮುಚ್ಚಿದ್ದದ್ದು ಸಿಡಿ ಹಾಕಿದ್ದ ಕಂಪ್ಯೂಟರಿನ ಪುಟ್ಟ ಬಾಗಿಲೊಂದೇ.